533 ಮೆಟ್ಟಿಲು, ಅಂಜನಾದ್ರಿಗಿಂತ 42 ಕಡಿಮೆ

ಚರ್ಚಿನ ಗೋಪುರದ ಮೇಲೆ ಏದುಸಿರು ಬಿಡುತ್ತಾ ನಿಂತು ಅವ್ವನಿಗೆ ವಿಡಿಯೊ ಕಾಲ್ ಮಾಡಿದೆ. ಜರ್ಮನಿಯ ಕಲೋನ್ ಊರು, ರೈನ್ ನದಿ, ಸೇತುವೆ ಮೇಲೆ ಹೋಗುತ್ತಿದ್ದ ರೈಲು, ಎಲ್ಲಾ ತೋರಿಸಿದೆ. ಗಂಗಾವತಿಯಲ್ಲಿ ಕಟ್ಟೆ ಮೇಲೆ ಕೂತಿದ್ದ ಅವ್ವ ಕೇಳಿದ್ದು ಒಂದೇ ಮಾತು.

"ಎಷ್ಟ್ ಮೆಟ್ಲ ಅದಾವ?"

533 ಅಂದೆ.

"ಹಂಗಾರ ಅಂಜನಾದ್ರಿಗಿಂತ ಕಡಿಮಿನ ಆತಲ್ಲ."

ನಿಜ, ಅಂಜನಾದ್ರಿಗೆ 575. ನಮ್ಮ ಕಡೆ ಎತ್ತರವನ್ನು ಮೆಟ್ಟಿಲಲ್ಲೇ ಲೆಕ್ಕ ಹಾಕುವುದು. ಆದರೆ ಅವ್ವನಿಗೆ ಗೊತ್ತಿಲ್ಲದ್ದು ಏನಂದರೆ, ಅಂಜನಾದ್ರಿಯಲ್ಲಿ ಗಾಳಿ ಬೀಸುತ್ತದೆ, ಸಾಕಾದರೆ ಪಕ್ಕಕ್ಕೆ ಕೂತು ನೀರು ಕುಡಿಯಬಹುದು, ಕೆಳಗೆ ತುಂಗಭದ್ರೆ ಕಾಣುತ್ತಾಳೆ. ಇಲ್ಲಿ ಕಲ್ಲಿನ ಕೊಳವೆಯೊಳಗೆ ಸುತ್ತಿ ಸುತ್ತಿ ಹತ್ತಬೇಕು. ಹತ್ತುವವರಿಗೂ ಇಳಿಯುವವರಿಗೂ ಅದೇ ದಾರಿ. ಮೇಲಿಂದ ದಪ್ಪ ಬ್ಯಾಗು ಹಾಕಿಕೊಂಡ ಒಬ್ಬ ಅಜಾನುಬಾಹು ಇಳಿದು ಬಂದಾಗ ನಾನು ಗೋಡೆಗೆ ಹಲ್ಲಿ ಥರ ಅಂಟಿಕೊಂಡೆ. ಅವನು ದಾಟುವವರೆಗೂ ಉಸಿರು ಬಿಡಲಿಲ್ಲ. ಇನ್ನೂರು ಮೆಟ್ಟಿಲು ಆಗುವಷ್ಟರಲ್ಲಿ ಎಡ ಮೊಣಕಾಲು ತಕರಾರು ಶುರು ಮಾಡಿತ್ತು.

ಅರ್ಧ ದಾರಿ ದಾಟಿದ ಮೇಲೆ ಗಂಟೆಗಳ ಕೋಣೆ ಬರುತ್ತದೆ. ಅಲ್ಲಿ ತೂಗುವ ದೊಡ್ಡ ಗಂಟೆಯ ತೂಕ ಸುಮಾರು 24 ಟನ್, ಎರಕ ಹೊಯ್ದಿದ್ದು 1923ರಲ್ಲಿ. ಊರಿನವರು ಅದನ್ನು ಮುದ್ದಿನಿಂದ ಡಿಕ್ಕರ್ ಪಿಟರ್ ಅನ್ನುತ್ತಾರೆ, ಅಂದರೆ ದಪ್ಪ ಪೀಟರ್. ನಮ್ಮಲ್ಲಾಗಿದ್ದರೆ ಡುಮ್ಮಪ್ಪ ಅನ್ನುತ್ತಿದ್ದೆವೇನೋ. 2011ರ ಜನವರಿಯಲ್ಲಿ ಬಾರಿಸುತ್ತಿರುವಾಗಲೇ ಅದರ ನಾಲಿಗೆ ಮುರಿದು ಕೆಳಗೆ ಬಿತ್ತಂತೆ. ಅದನ್ನು ಓದಿದ ಮೇಲೆ ಗಂಟೆಯ ಹತ್ತಿರ ಜಾಸ್ತಿ ಹೊತ್ತು ನಿಲ್ಲಲಿಲ್ಲ.

ಈ ಚರ್ಚನ್ನು ಅಲ್ಲಿನವರು ಡೋಮ್ ಅಂತ ಕರೆಯುತ್ತಾರೆ. ಹೆಸರು ಕೇಳಿ ನಾನು ಗೋಳಗುಮ್ಮಟದ ಥರ ಏನೋ ಇರಬೇಕು ಅಂದುಕೊಂಡಿದ್ದೆ. ರೈಲ್ವೆ ಸ್ಟೇಷನ್ನಿಂದ ಹೊರಗೆ ಕಾಲಿಟ್ಟರೆ ಎದುರಿಗೇ ಎರಡು ಕಪ್ಪು ಚೂಪು ಗೋಪುರ, ತಲೆ ಎತ್ತಿ ನೋಡಿದರೆ ಕುತ್ತಿಗೆ ನೋಯಬೇಕು. 157 ಮೀಟರ್. ಹಂಪಿಯ ವಿರೂಪಾಕ್ಷ ಗೋಪುರ ಸುಮಾರು 50 ಮೀಟರ್ ಅಲ್ವಾ, ಅಂಥ ಮೂರನ್ನು ಒಂದರ ಮೇಲೊಂದು ಇಟ್ಟರೂ ಇದರ ತುದಿ ಮುಟ್ಟುವುದಿಲ್ಲ. ಉತ್ತರದ ಗೋಪುರ ದಕ್ಷಿಣದ್ದಕ್ಕಿಂತ 7 ಸೆಂಟಿಮೀಟರ್ ಎತ್ತರ. ಜನರನ್ನು ಹತ್ತಿಸುವುದು ಗಿಡ್ಡದ್ದಕ್ಕೆ, ಅದೂ ಸುಮಾರು ನೂರು ಮೀಟರ್‌ವರೆಗೆ ಮಾತ್ರ.

ನನ್ನ ತಲೆಯಲ್ಲಿ ಉಳಿದಿದ್ದು ಮಾತ್ರ ಎತ್ತರಕ್ಕಿಂತ ಅದನ್ನು ಕಟ್ಟಿದ ಕಥೆ. ಕೆಲಸ ಶುರುವಾಗಿದ್ದು 1248ರಲ್ಲಿ. ಆಗ ವಿಜಯನಗರ ಇನ್ನೂ ಹುಟ್ಟೇ ಇರಲಿಲ್ಲ. ದಕ್ಷಿಣದ ಗೋಪುರ ಅರ್ಧಕ್ಕೂ ಬರದೆ ನಿಂತುಹೋಯಿತು, ಕಲ್ಲು ಎತ್ತುವ ಮರದ ಕ್ರೇನನ್ನು ಮೇಲೆಯೇ ಬಿಟ್ಟರು. ಕೃಷ್ಣದೇವರಾಯ 1509ರಲ್ಲಿ ಪಟ್ಟಕ್ಕೆ ಬಂದಾಗ ಆ ಕ್ರೇನ್ ಆಗಲೇ ಅಲ್ಲಿ ಸುಮ್ನೆ ನಿಂತಿತ್ತು. 1560ರ ಹೊತ್ತಿಗೆ ಉಳಿದ ಕೆಲಸವೂ ಬಂದ್. ಐದು ವರ್ಷಕ್ಕೆ ಇತ್ತ ತಾಳಿಕೋಟೆ ಯುದ್ಧವೂ ಮುಗಿದು ಹಂಪಿ ಹಾಳಾಯಿತು. ಅಂದರೆ ತುಂಗಭದ್ರೆ ಆಚೆಯ ನಮ್ಮ ಸಾಮ್ರಾಜ್ಯ ಹುಟ್ಟಿ, ಮೆರೆದು, ಮಣ್ಣಾಗುವಷ್ಟು ಕಾಲ ಇವರದು ಒಂದು ಗುಡಿ ಮುಗಿಯಲಿಲ್ಲ! ಕ್ರೇನಂತೂ ಸುಮಾರು 400 ವರ್ಷ ಹಾಗೇ ಇತ್ತು. ಎಷ್ಟು ತಲೆಮಾರಿನ ಮಕ್ಕಳು ಅದು ಚರ್ಚಿನದೇ ಒಂದು ಭಾಗ ಅಂದುಕೊಂಡು ಬೆಳೆದವೋ.

ಮುಂದೆ 1814ರಲ್ಲಿ ಹಳೆಯ ನಕ್ಷೆಯ ಅರ್ಧ ತುಂಡು ಡಾರ್ಮ್‌ಸ್ಟಾಟ್ ಅನ್ನುವ ಊರಿನ ಅಟ್ಟವೊಂದರಲ್ಲಿ ಸಿಕ್ಕಿತು, ಇನ್ನರ್ಧ ಎರಡು ವರ್ಷದ ಮೇಲೆ ಪ್ಯಾರಿಸ್‌ನಲ್ಲಿ. ಚರ್ಮದ ಹಾಳೆಯ ಮೇಲೆ ಬರೆದ ನಾಲ್ಕು ಮೀಟರ್ ಉದ್ದದ ಚಿತ್ರ ಅದು. 1842ರಲ್ಲಿ ಮತ್ತೆ ಕಲ್ಲು ಇಟ್ಟರು, ಆ ಚಿತ್ರ ನೋಡಿಕೊಂಡೇ ಗೋಪುರ ಎಬ್ಬಿಸಿದರು, 1880ರಲ್ಲಿ ಮುಗಿಸಿದರು. ಒಟ್ಟು 632 ವರ್ಷ. ನಾಲ್ಕು ವರ್ಷ ಜಗತ್ತಿನಲ್ಲೇ ಎತ್ತರದ ಕಟ್ಟಡ ಅದೇ ಆಗಿತ್ತು, 1884ರಲ್ಲಿ ವಾಷಿಂಗ್ಟನ್ ಸ್ಮಾರಕ ಅದನ್ನು ಹಿಂದೆ ಹಾಕಿತು. ಇವತ್ತಿಗೂ ಒಂದಲ್ಲ ಒಂದು ಕಡೆ ಅಟ್ಟಣಿಗೆ ಕಟ್ಟಿ ರಿಪೇರಿ ನಡೆದೇ ಇರುತ್ತದೆ. ಡೋಮ್ ಮುಗಿದ ದಿನ ಪ್ರಪಂಚವೂ ಮುಗಿಯುತ್ತದೆ ಅಂತ ಅಲ್ಲಿನವರದೊಂದು ಮಾತಿದೆ.

ಹಾಗಂತ ಊರಲ್ಲಿ ಎಲ್ಲಕ್ಕಿಂತ ಎತ್ತರ ಡೋಮ್ ಅಲ್ಲ. ಕಲೋನಿಯಸ್ ಅಂತ ಒಂದು ಟಿವಿ ಟವರ್ ಇದೆ, 266 ಮೀಟರ್, 1981ರದ್ದು. ಮೇಲೆ ರೆಸ್ಟೋರೆಂಟ್ ಕೂಡ ಇತ್ತು. ತೊಂಬತ್ತರ ದಶಕದಿಂದ ಜನರಿಗೆ ಬಾಗಿಲು ಹಾಕಿದೆ. ತಮ್ಮನ ಮನೆ ಬಾಲ್ಕನಿಯಿಂದ ದಿನಾ ಕಾಣುತ್ತಿತ್ತು, ಮೂರು ವಾರದಲ್ಲಿ ಒಬ್ಬರೂ ಅದರ ಸುದ್ದಿ ಎತ್ತಲಿಲ್ಲ. ಪಾಪ.

ಡೋಮ್ ವಿಷಯಕ್ಕೆ ಬಂದರೆ ಮಾತ್ರ ಜಗಳ ಜೋರು. ನದಿ ಆಚೆ ಡಾಯ್ಟ್ಸ್ ಕಡೆ ಗಗನಚುಂಬಿಗಳ ಸಾಲು ಎಬ್ಬಿಸಲು ಹೊರಟಾಗ ಡೋಮ್ ಕಾಣುವ ನೋಟ ಕೆಡುತ್ತದೆ ಅಂತ ಯುನೆಸ್ಕೊ 2004ರಲ್ಲಿ ಡೋಮನ್ನು ಅಪಾಯದಲ್ಲಿರುವ ವಿಶ್ವ ಪರಂಪರೆ ತಾಣಗಳ ಪಟ್ಟಿಗೆ ಹಾಕಿತು. ನಗರದವರು ಎತ್ತರ ಇಳಿಸಲು ಒಪ್ಪಿದ ಮೇಲೆ 2006ರಲ್ಲಿ ತೆಗೆಯಿತು. ಆ ಯೋಜನೆಯಲ್ಲಿ ಎದ್ದಿದ್ದು ಒಂದೇ ಎತ್ತರದ ಕಟ್ಟಡ, 103 ಮೀಟರ್‌ನ ಕಲೋನ್ ಟ್ರಯಾಂಗಲ್. ನಮ್ಮ ಬೆಟ್ಟಗುಡ್ಡಗಳ ಮುಂದೆ ಯಾರು ಬೇಕಾದರೂ ಏನು ಬೇಕಾದರೂ ಕಟ್ಟುವುದನ್ನು ನೋಡುವ ನನಗೆ ಇದು ಸ್ವಲ್ಪ ಹೊಟ್ಟೆಕಿಚ್ಚು ತಂದಿದ್ದು ಹೌದು.

ಮಾರನೇ ದಿನ ಸಂಜೆ ಅದೇ ಟ್ರಯಾಂಗಲ್ ಮೇಲೆ ಹೋದೆ. ಡೋಮ್ ಪೂರ್ತಿ ನೋಡಬೇಕೆಂದರೆ ಅದೇ ಸರಿಯಾದ ಜಾಗ. ಡೋಮ್ ಮೇಲೆ ನಿಂತರೆ ಡೋಮ್ ಒಂದನ್ನು ಬಿಟ್ಟು ಎಲ್ಲಾ ಕಾಣುತ್ತದೆ. ಸೂರ್ಯ ಗೋಪುರಗಳ ಹಿಂದೆ ಇಳಿಯುತ್ತಿದ್ದ, ಸೇತುವೆಯ ಕಂಬಿಗೆ ಪ್ರೇಮಿಗಳು ಹಾಕಿದ ಸಾವಿರಾರು ಬೀಗ ಮಿನುಗುತ್ತಿದ್ದವು. ಒಳ್ಳೆ ಫೋಟೊ ಬಂತು. ಅವ್ವನಿಗೆ ಕಳಿಸಿದೆ.

ಎರಡೇ ನಿಮಿಷಕ್ಕೆ ಫೋನು ಬಂತು. "ಇದಕ್ಕೆಷ್ಟ್ ಮೆಟ್ಲ?"

"ಲಿಫ್ಟ್ ಐತವ್ವಾ."

"ಹೌದಾ," ಅಂದಳು. "ಊಟಾ ಆತೇನು?"