ದವಡೆ ಸ್ನಾಯುಕೋಶದ ಕ್ಯಾಲ್ಸಿಯಂ: ಬಳ್ಳಾರಿಯಲ್ಲಿ ಅಳೆಯುವವರು ಮೊದಲು ನೋಡಬೇಕಾದ್ದು

ಈಸ್ಟ್ರೋಜನ್ ಹಾಕಿದ ಕೂಡಲೇ ಮ್ಯಾಸಿಟರ್ ಎಂಬ ಅಗಿಯುವ ದವಡೆ ಸ್ನಾಯುವಿನ ಕೋಶದಲ್ಲಿ ಕ್ಯಾಲ್ಸಿಯಂ ಏರಿತು ಎಂದು ಬರೆಯುವ ಮೊದಲು ಎರಡು ಮಾತು ಖಚಿತವಾಗಬೇಕು. ನಾವು ಹಾಕದ ಈಸ್ಟ್ರೋಜನ್ ತಟ್ಟೆಯಲ್ಲಿ ಇರಬಾರದು, ನಾವು ಹಾಕದ ಕ್ಯಾಲ್ಸಿಯಂ ಬಫರಿನಲ್ಲಿ (ಅಳೆಯುವಾಗ ಕೋಶಗಳನ್ನು ಇಡುವ, ಪಿಎಚ್ ಕಾಯುವ ದ್ರಾವಣದಲ್ಲಿ) ಇರಬಾರದು.

ಕೋಶ ಬೆಳೆಸುವ ದ್ರವವಾದ ಮೀಡಿಯಂಗೆ ಬಣ್ಣ ಕೊಡುವ ಫೀನಾಲ್ ರೆಡ್ ದುರ್ಬಲ ಈಸ್ಟ್ರೋಜನ್‌ನಂತೆ ವರ್ತಿಸುತ್ತದೆ. ಸೀರಮ್‌ನಲ್ಲಂತೂ ಅಸಲಿ ಹಾರ್ಮೋನೇ ಇರುತ್ತದೆ. ಹಾಗಾಗಿ ಹಿಂದಿನ ದಿನವೇ ಫೀನಾಲ್ ರೆಡ್ ಇಲ್ಲದ ಮೀಡಿಯಂ, ಇದ್ದಿಲಿನಿಂದ ಶೋಧಿಸಿದ ಸೀರಮ್‌ಗೆ ಬದಲಿಸಿ. 2.72 ಮಿ.ಗ್ರಾಂ ಈಸ್ಟ್ರಾಡಯೋಲನ್ನು (ದೇಹದ ಮುಖ್ಯ ಈಸ್ಟ್ರೋಜನ್) 1 ಮಿ.ಲೀ. ಎಥನಾಲ್‌ನಲ್ಲಿ ಕರಗಿಸಿದರೆ 10 ಮಿಲಿಮೋಲಾರ್. ಅದನ್ನು ಎಥನಾಲ್‌ನಲ್ಲೇ ಸಾವಿರಪಟ್ಟು ತೆಳುಮಾಡಿ, 1 ಮಿ.ಲೀ. ಬಫರಿಗೆ 1 ಮೈಕ್ರೋಲೀಟರ್ ಹಾಕಿದರೆ 10 ನ್ಯಾನೋಮೋಲಾರ್. ಬರೀ ಎಥನಾಲ್ ಹಾಕಿದ ತಟ್ಟೆ ಪಕ್ಕದಲ್ಲಿ ಇರಲೇಬೇಕು. ಋತುಚಕ್ರದ ಉತ್ತುಂಗದಲ್ಲೂ ರಕ್ತದಲ್ಲಿರುವುದು ಸುಮಾರು 1 ನ್ಯಾನೋಮೋಲಾರ್. ಮೈಕ್ರೋಮೋಲಾರ್ ಸುರಿದು ಬಂದ ಉತ್ತರವನ್ನು ದೇಹಕ್ಕೆ ಹಚ್ಚುವುದು ಸರಿಯಲ್ಲ.

ಇನ್ನು ನೀರು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಒಣಗಿದ ಬೀಕರಿನ ತಳದಲ್ಲಿ ಬಿಳಿ ಕಲೆ ಬಿಡುತ್ತದೆ. ವಿಶ್ರಾಂತ ಸ್ನಾಯುಕೋಶದೊಳಗಿನ ಕ್ಯಾಲ್ಸಿಯಂ ಸುಮಾರು 100 ನ್ಯಾನೋಮೋಲಾರ್ ಮಾತ್ರ, ಹಾಗಿರುವಾಗ ಆ ಕಲೆ ಸಣ್ಣದಲ್ಲ. ಗಾಜನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ, ಅತಿಶುದ್ಧ ನೀರಿನಲ್ಲಿ ಹಲವು ಸಲ ತೊಳೆಯಿರಿ. 'ಕ್ಯಾಲ್ಸಿಯಂ ಇಲ್ಲದ' ಬಫರಿಗೆ 1 ಮಿಲಿಮೋಲಾರ್ ಇಜಿಟಿಎ (ಉಳಿದ ಕ್ಯಾಲ್ಸಿಯಂ ಹಿಡಿದಿಡುವ ರಾಸಾಯನಿಕ) ಸೇರಿಸಿ. ಅದು ಕ್ಯಾಲ್ಸಿಯಂ ಹಿಡಿಯುವಾಗ ಆಮ್ಲ ಬಿಡುತ್ತದೆ, ಆದ್ದರಿಂದ ಪಿಎಚ್ ಅನ್ನು ಕೊನೆಯಲ್ಲಿ ಮತ್ತೆ 7.4ಕ್ಕೆ ತನ್ನಿ. ಈ ಹೆಜ್ಜೆ ಬಿಟ್ಟುಹೋಗುವುದೇ ಹೆಚ್ಚು.

ಬೇಸಿಗೆಯಲ್ಲಿ ಎಸಿ ನಿಂತರೆ ಕೋಶಗಳಿಗೆ ಫ್ಯೂರಾ-2 (ಕ್ಯಾಲ್ಸಿಯಂ ತೋರಿಸುವ ಹೊಳೆಯುವ ಬಣ್ಣ) ತುಂಬಬೇಡಿ. ಬಿಸಿಯಲ್ಲಿ ಬಣ್ಣ ಕೋಶದ ಒಳಚೀಲಗಳಿಗೆ ಸೇರಿಕೊಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ ಸಮನಾದ ಮಬ್ಬಿನ ಬದಲು ಚುಕ್ಕಿ ಕಂಡರೆ ಆ ತಟ್ಟೆ ಬಿಡಿ. 25 ಡಿಗ್ರಿಯೊಳಗೆ 2ರಿಂದ 5 ಮೈಕ್ರೋಮೋಲಾರ್, 30–45 ನಿಮಿಷ. ತೊಳೆದು ಇನ್ನೂ ಅರ್ಧ ಗಂಟೆ ಬಿಟ್ಟು 340 ಮತ್ತು 380 ನ್ಯಾನೋಮೀಟರ್‌ನ ಬೆಳಕು ಬಿಟ್ಟಾಗ ಬರುವ ಹೊಳಪಿನ ಅನುಪಾತ ನೋಡಿ, ಅದು ಏರಿದರೆ ಕ್ಯಾಲ್ಸಿಯಂ ಏರಿದೆ.

ಏರಿಕೆ ಕಂಡರೆ ಮೂಲ ಹುಡುಕಿ. ಇಜಿಟಿಎ ಬಫರಿನಲ್ಲೂ ಅದು ಉಳಿದರೆ ಕ್ಯಾಲ್ಸಿಯಂ ಒಳಗಿನ ದಾಸ್ತಾನಿನಿಂದ ಬಂದಿದೆ. 1 ಮೈಕ್ರೋಮೋಲಾರ್ ಥ್ಯಾಪ್ಸಿಗಾರ್ಗಿನ್‌ನಿಂದ ಆ ದಾಸ್ತಾನು ಖಾಲಿ ಮಾಡಿದ ಮೇಲೆ ಏರಿಕೆ ಇಲ್ಲವಾದರೆ ಗುಮಾನಿ ಗಟ್ಟಿಯಾಗುತ್ತದೆ. ಸೆಕೆಂಡು, ನಿಮಿಷಗಳಲ್ಲಿ ಬರುವ ಪ್ರತಿಕ್ರಿಯೆಯನ್ನು ಜೀನ್‌ಗಳ ದಾರಿಯಿಂದ ವಿವರಿಸಲಾಗದು, ಅದಕ್ಕೆ ಗಂಟೆಗಳೇ ಬೇಕು. ಈಸ್ಟ್ರೋಜನ್ ಗ್ರಾಹಿಯನ್ನು (ರಿಸೆಪ್ಟರ್) ತಡೆಯುವ ಫಲ್ವೆಸ್ಟ್ರಾಂಟ್ ಹಾಕಿದರೂ ಏರಿಕೆ ನಿಲ್ಲಲಿಲ್ಲವೆಂದು ಇದರಲ್ಲಿ ಈಸ್ಟ್ರೋಜನ್ ಗ್ರಾಹಿಯ ಪಾತ್ರವೇ ಇಲ್ಲವೆನ್ನಬೇಡಿ. ಆ ಔಷಧ ಜಿಪಿಇಆರ್ ಎಂಬ ಇನ್ನೊಂದು ಗ್ರಾಹಿಯನ್ನು ಎಬ್ಬಿಸುತ್ತದೆ, ಅದಕ್ಕೆ ಜಿ-15 ಎಂಬ ತಡೆಗಾರವನ್ನು ಬೇರೆಯಾಗಿಯೇ ಹಾಕಿ ನೋಡಬೇಕು.