ಎರಾಂಗೆಲ್ ಪೂರ್ವ ಕರಾವಳಿ ಸುತ್ತಾಟ: ಗಲಾಟೆ ಇಲ್ಲದ ಊರುಗಳಲ್ಲಿ ಒಳ್ಳೆ ಲೂಟ್

ಬಿಜಿಎಂಐ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಅನ್ನುವ ಫೋನ್ ಗೇಮ್ ಆಡುವವರಿಗೆ ಅದರ ಎರಾಂಗೆಲ್ ಮ್ಯಾಪ್‌ನ ಪೊಚಿಂಕಿ, ಸ್ಕೂಲ್, ಮಿಲಿಟರಿ ಬೇಸ್ ಪರಿಚಯ ಮಾಡಿಕೊಡಬೇಕಾಗಿಲ್ಲ. ವಿಮಾನದಿಂದ ಹಾರಿ, ಸಿಕ್ಕ ಗನ್, ಸಾಮಾನು (ಅದೇ ಲೂಟ್) ಎತ್ತಿಕೊಂಡು ಕೊನೆಯವರೆಗೆ ಬದುಕುವುದೇ ಆಟ. ವಿಮಾನ ಆ ಕಡೆ ಹೋದರೆ ಸಾಕು, ಅರ್ಧ ಲಾಬಿ, ಅಂದರೆ ಮ್ಯಾಚ್‌ನ ಅರ್ಧ ಜನ, ಅಲ್ಲೇ ಉದುರುತ್ತಾರೆ. ಗನ್ ಕೈಗೆ ಬರುವ ಮೊದಲೇ ಯಾರೋ ಮುಖಕ್ಕೆ ಗುದ್ದಿ ಮನೆಗೆ ಕಳಿಸುತ್ತಾರೆ. ಅದರಲ್ಲೂ ಮಜಾ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಲೆವೆಲ್ 3 ಹೆಲ್ಮೆಟ್, ಲೆವೆಲ್ 3 ವೆಸ್ಟ್, ಒಂದು ದೊಡ್ಡ ಸ್ಕೋಪ್ ಹಾಕಿಕೊಂಡು ಕೊನೆಯ ಸರ್ಕಲ್‌ಗೆ (ಕಿರಿದಾಗುತ್ತಾ ಹೋಗುವ ಸುರಕ್ಷಿತ ವೃತ್ತ) ನೆಮ್ಮದಿಯಾಗಿ ಹೋಗಬೇಕು ಅನ್ನುವವರಿಗೆ ಬೇರೆ ದಾರಿ ಇದೆ. ನಾನು ಮತ್ತು ನನ್ನ ತಮ್ಮ ಡ್ಯುಯೋದಲ್ಲಿ, ಅಂದರೆ ಇಬ್ಬರ ತಂಡವಾಗಿ, ಹೋಗುವ ಪೂರ್ವ ಕರಾವಳಿಯ ದಾರಿ ಅದು. ಲಿಪೋವ್ಕಾ, ಮ್ಯಾನ್ಷನ್, ಪ್ರಿಸನ್, ಕೊನೆಗೆ ಶೆಲ್ಟರ್. ಅವನು ಮೈಸೂರಿನ ಹಾಸ್ಟೆಲ್‌ನಲ್ಲಿ, ನಾನು ಹಾಸನದಲ್ಲಿ. ಇಬ್ಬರೂ ಒಟ್ಟಿಗೆ ಊರು ಸುತ್ತುವುದು ಈಗ ಹೀಗೇ.

ಹೊರಡುವ ಮುಂಚೆ ಸ್ವಲ್ಪ ತಯಾರಿ. ಎರಾಂಗೆಲ್ ಮ್ಯಾಪ್ ಫೋನಿನಲ್ಲಿ ಡೌನ್‌ಲೋಡ್ ಆಗಿದೆಯಾ ನೋಡಿಕೊಳ್ಳಿ. ಇಯರ್‌ಫೋನ್ ಬೇಕೇ ಬೇಕು. ಮಿನಿ ಮ್ಯಾಪ್‌ನಲ್ಲಿ ಹೆಜ್ಜೆ ಗುರುತು, ಗುಂಡಿನ ಗುರುತು ಕಾಣುತ್ತದೆ ನಿಜ. ಆದರೆ ಆ ಹೆಜ್ಜೆ ಮೇಲಿನ ಮಹಡಿಯದ್ದೋ ಕೆಳಗಿನದ್ದೋ ಅನ್ನುವುದು ಕಿವಿಗೇ ಚೆನ್ನಾಗಿ ಗೊತ್ತಾಗುವುದು. ಇನ್ನೊಂದು, ಸೆಟ್ಟಿಂಗ್ಸ್‌ನಲ್ಲಿ ಪಿಕಪ್ ಅಂತ ಒಂದು ಭಾಗ ಇದೆ. ಬ್ಯಾಂಡೇಜ್ ಎಷ್ಟು, ಗ್ರೆನೇಡ್ ಎಷ್ಟು ಎತ್ತಿಕೊಳ್ಳಬೇಕು ಅಂತ ಅಲ್ಲೇ ಮಿತಿ ಹಾಕಿಡಿ. ಇಲ್ಲದಿದ್ದರೆ ಆಟೋ ಪಿಕಪ್ ಬೇಡದ್ದನ್ನೆಲ್ಲ ಬ್ಯಾಗಿಗೆ ತುಂಬುತ್ತದೆ. ಆಮೇಲೆ ಬೇಕಾದದ್ದು ಸಿಕ್ಕಾಗ ಜಾಗ ಇರುವುದಿಲ್ಲ.

ಈಗ ವಿಮಾನ. ಎರಾಂಗೆಲ್ ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲ. ಮ್ಯಾಪ್‌ನ ಒಂದೊಂದು ದೊಡ್ಡ ಚೌಕ ಒಂದು ಕಿಲೋಮೀಟರ್. ವಿಮಾನದ ಗೆರೆಯಿಂದ ದೂರ ಇರುವ ಊರಿಗೆ ಜನ ಕಡಿಮೆ, ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಆದರೆ ದೂರದ ಊರು ಅಂದ ಮಾತ್ರಕ್ಕೆ ಒಳ್ಳೆಯ ಊರಲ್ಲ. ಅಲ್ಲಿಂದ ವಾಪಸ್ ಬರಲು ಗಾಡಿ ಇದೆಯಾ, ಅದನ್ನು ಮೊದಲು ನೋಡಬೇಕು. ನಮ್ಮ ಈ ದಾರಿಯೆಲ್ಲ ನಿಂತಿರುವುದು ಅದರ ಮೇಲೆ. ಲೂಟ್ ಎರಡನೆಯದು, ಗಾಡಿ ಮೊದಲನೆಯದು.

ನಾನು ಹೇಳುತ್ತಿರುವ ಮ್ಯಾಚ್‌ನಲ್ಲಿ ವಿಮಾನ ಜಾರ್ಜೋಪೋಲ್ ಕಡೆಯಿಂದ ಬಂದು ರೋಝೋಕ್, ಸ್ಕೂಲ್ ದಾಟಿ ಮಿಲ್ಟಾ ಕಡೆಗೆ ಹೊರಟಿತ್ತು. ಈ ಗೆರೆ ಬಂದರೆ ಪೂರ್ವ ಕರಾವಳಿಗೆ ಹೋಗುವವರಿಗೆ ಹಬ್ಬ. ಜಾರ್ಜೋಪೋಲ್‌ನಲ್ಲಿ ಒಂದು ಗುಂಪು, ಸ್ಕೂಲ್‌ನಲ್ಲಿ ಇನ್ನೊಂದು ದೊಡ್ಡ ಗುಂಪು ಹಾರಿತು. ಪೊಚಿಂಕಿ ಕಡೆಗೂ ಪ್ಯಾರಾಚೂಟ್‌ಗಳ ಸಾಲು ಕಂಡಿತು. ಪೂರ್ವಕ್ಕೆ ತಿರುಗಿದವರು ಕಡಿಮೆ.

ಲಿಪೋವ್ಕಾ ಸಮುದ್ರದ ದಂಡೆಗೆ ಅಂಟಿಕೊಂಡಿದೆ. ಈ ಗೆರೆಯಿಂದ ನೇರವಾಗಿ ತೇಲಿಕೊಂಡು ಹೋಗುವುದು ಕಷ್ಟ. ಹೋದರೂ ಗಾಳಿಯಲ್ಲೇ ಸುಮಾರು ಹೊತ್ತು ಕಳೆಯುತ್ತದೆ. ಅದಕ್ಕೆ ನಾವು ಊರನ್ನು ಗುರಿ ಇಡುವುದಿಲ್ಲ, ರಸ್ತೆಯನ್ನು ಗುರಿ ಇಡುತ್ತೇವೆ. ಗಾಡಿಗಳು ಹೆಚ್ಚಾಗಿ ರಸ್ತೆ ಬದಿಯಲ್ಲಿ, ಗ್ಯಾರೇಜ್ ಪಕ್ಕದಲ್ಲಿ ಇರುತ್ತವೆ. ಇಳಿಯುವಾಗ ಕ್ಯಾಮೆರಾ ಸುತ್ತ ತಿರುಗಿಸಿ ರಸ್ತೆಯನ್ನೇ ನೋಡುತ್ತಿರಬೇಕು. "ಅಣ್ಣಾ, ಕೆಳಗೆ ಡಾಸಿಯಾ ಇದೆ, ಎಡಕ್ಕೆ ಬಾ," ಅಂದ ತಮ್ಮ. ಇಬ್ಬರೂ ಅದರ ಪಕ್ಕದಲ್ಲೇ ಇಳಿದೆವು. ಕೈಯಲ್ಲಿ ಒಂದು ಪಿಸ್ತೂಲೂ ಇಲ್ಲ, ಆದರೆ ಗಾಡಿ ಇದೆ. ಟಾರ್ ರಸ್ತೆಯ ಮೇಲೆ ಡಾಸಿಯಾ ಕಾರು ಜೀಪಿಗಿಂತ ಬೇಗ ಹೋಗುತ್ತದೆ. ಗುಡ್ಡ, ಹೊಲ ಹತ್ತಬೇಕಾದರೆ ಮಾತ್ರ ಜೀಪ್ ವಾಸಿ.

ಲಿಪೋವ್ಕಾ ತಲುಪಿದ ಮೇಲೆ ನೋಡಬೇಕಾದದ್ದು ಬಾಗಿಲು. ಮ್ಯಾಚ್ ಶುರುವಾದಾಗ ಮನೆ ಬಾಗಿಲುಗಳೆಲ್ಲ ಮುಚ್ಚಿರುತ್ತವೆ. ಒಂದು ಬಾಗಿಲು ತೆರೆದಿದೆ ಅಂದರೆ ಯಾರೋ ಬಂದಿದ್ದಾರೆ ಅಂತ ಅರ್ಥ. ಊರಿನ ಹೊರಗೆ ಗಾಡಿ ನಿಲ್ಲಿಸಿ, ಸದ್ದು ಅಡಗಲು ಬಿಟ್ಟು, ಬಾಗಿಲುಗಳ ಮೇಲೆ ಕಣ್ಣಾಡಿಸಿ. ನಾವು ಹೋದಾಗ ದಂಡೆ ಕಡೆಯ ಮನೆಗಳೆಲ್ಲ ಮುಚ್ಚಿದ್ದವು. ನಿರಾಳವಾಗಿ ಒಳಗೆ ಹೋದೆವು. ನಾವೂ ಅಷ್ಟೇ, ಲೂಟ್ ಮುಗಿದ ಮೇಲೆ ಬಾಗಿಲು ಹಾಕಿಕೊಂಡೇ ಬರುತ್ತೇವೆ. ಹಿಂದೆ ಬರುವವನಿಗೆ ನಮ್ಮ ಸುಳಿವು ಯಾಕೆ ಕೊಡಬೇಕು, ಅಲ್ವಾ?

ಒಂದು ವಿಷಯ ಸರಿಯಾಗಿ ತಿಳಿದುಕೊಂಡಿರಿ. ಯಾವ ಮನೆಯಲ್ಲೂ ಏನೂ ಗ್ಯಾರಂಟಿ ಇಲ್ಲ. ನಿನ್ನೆ ಎಂ416 ರೈಫಲ್ ಸಿಕ್ಕ ಕೋಣೆಯಲ್ಲಿ ಇವತ್ತು ಒಂದು ಬಾಣಲೆ, ಎರಡು ಬ್ಯಾಂಡೇಜ್ ಇರಬಹುದು. ದೊಡ್ಡ ಜಾಗಗಳಲ್ಲಿ ಒಳ್ಳೆ ವಸ್ತು ಬರುವ ಸಾಧ್ಯತೆ ಜಾಸ್ತಿ, ಸಣ್ಣ ಊರಿನಲ್ಲಿ ಕಡಿಮೆ. ಅದಕ್ಕೇ ಒಂದೇ ಸಣ್ಣ ಊರನ್ನು ನಂಬಿ ಕೂರಬಾರದು. ಮೂರು ನಾಲ್ಕು ಜಾಗ ಪೋಣಿಸಿಕೊಂಡು ಹೋಗಬೇಕು. ಒಂದೊಂದರಲ್ಲಿ ಒಂದೊಂದು ಒಳ್ಳೆ ಸಾಮಾನು ಸಿಕ್ಕರೂ ಕೊನೆಗೆ ಮಿಲಿಟರಿ ಬೇಸ್‌ನಲ್ಲಿ ಬಡಿದಾಡಿ ಬಂದವನಷ್ಟೇ ಗಟ್ಟಿಯಾಗಿರುತ್ತೀರಿ. ಅದೂ ಪೂರ್ತಿ ಜೀವ ಉಳಿಸಿಕೊಂಡು. ಲಿಪೋವ್ಕಾದಲ್ಲಿ ನಮಗೆ ಎರಡು ರೈಫಲ್, ಲೆವೆಲ್ 2 ವೆಸ್ಟ್, ಬೇಕಾದಷ್ಟು ಗುಂಡು ಸಿಕ್ಕಿತು. ಸ್ಕೋಪ್ ಅಂತ ಸಿಕ್ಕಿದ್ದು ಬರೀ ರೆಡ್ ಡಾಟ್. ಇದು ಸಾಕು, ಎದ್ದು ಹೊರಡಿ. ಉಳಿದ ಎಲ್ಲ ಮನೆ ಮುಗಿಸಿಯೇ ಹೋಗುತ್ತೇನೆ ಅನ್ನುವ ಆಸೆ ಬೇಡ.

ಅಲ್ಲಿಂದ ಪಶ್ಚಿಮಕ್ಕೆ ಮ್ಯಾನ್ಷನ್. ಒಂಟಿ ದೊಡ್ಡ ಬಂಗಲೆ. ನನ್ನ ಪ್ರಕಾರ ಈ ದಾರಿಯಲ್ಲಿ ಇರುವ ಜಾಗಗಳಲ್ಲಿ ಇದೇ ಎಲ್ಲಕ್ಕಿಂತ ವಾಸಿ. ಊರೆಲ್ಲ ಓಡಾಡಬೇಕಾಗಿಲ್ಲ, ಒಂದೇ ಕಟ್ಟಡದಲ್ಲಿ ಕೋಣೆ ಕೋಣೆಗೂ ಸಾಮಾನು. ಆದರೆ ತೊಂದರೆಯೂ ಅದೇ. ಇದರ ಗುಣ ಗೊತ್ತಿರುವವರು ನೇರವಾಗಿ ಇಲ್ಲೇ ಇಳಿಯುತ್ತಾರೆ. ಹಾಗಾಗಿ ದೂರದಲ್ಲೇ ನಿಂತು ನೋಡಿ. ಕಿಟಕಿಯಲ್ಲಿ ಅಲುಗಾಟ ಇದೆಯಾ, ಮುಂದೆ ಗಾಡಿ ನಿಂತಿದೆಯಾ, ಬಾಗಿಲು ತೆರೆದಿದೆಯಾ. ನಾವು ಹೋದಾಗ ಮುಂಬಾಗಿಲು ತೆರೆದೇ ಇತ್ತು. ತಮ್ಮ ಹೊರಗೆ ಕಾವಲು ನಿಂತ, ನಾನು ಒಳಗೆ ಕಿವಿ ಕೊಟ್ಟೆ. ಒಬ್ಬನೇ ಒಬ್ಬ ಮೆಟ್ಟಿಲು ಹತ್ತಿ ಇಳಿಯುವ ಸದ್ದು. ಅವನು ಕೆಳಗೆ ಬರುವವರೆಗೆ ಕಾದು ಹೊಡೆದೆ. ಬಾಟ್ (ಕಂಪ್ಯೂಟರ್ ಆಡಿಸುವ ಆಟಗಾರ) ಇರಬಹುದು, ಇರಲಿ. ಸತ್ತ ಮೇಲೆ ಬಿದ್ದ ಅವನ ಸಾಮಾನಿನ ಪೆಟ್ಟಿಗೆಯಲ್ಲಿ ಲೆವೆಲ್ 3 ಹೆಲ್ಮೆಟ್ ಇತ್ತು.

ಈ ಹೆಲ್ಮೆಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಲೆವೆಲ್ 1 ಹೆಲ್ಮೆಟ್ ಏಟನ್ನು ಶೇಕಡಾ 30ರಷ್ಟು ತಗ್ಗಿಸುತ್ತದೆ, ಲೆವೆಲ್ 2 ಶೇಕಡಾ 40, ಲೆವೆಲ್ 3 ಶೇಕಡಾ 55. ವೆಸ್ಟ್‌ಗೂ ಇದೇ ಲೆಕ್ಕ. ಆದರೆ ತಡೆದುಕೊಳ್ಳುವ ಶಕ್ತಿಯಲ್ಲಿ (ಒಡೆಯುವ ಮುಂಚೆ ಎಷ್ಟು ಏಟು ತಾಳುತ್ತದೆ ಅನ್ನುವುದು) ಹೆಲ್ಮೆಟ್‌ಗಳ ನಡುವೆ ಅಂತರ ತುಂಬಾ ದೊಡ್ಡದು. ಮೊದಲನೆಯದಕ್ಕೆ 80, ಎರಡನೆಯದಕ್ಕೆ 150, ಮೂರನೆಯದಕ್ಕೆ 230. ವೆಸ್ಟ್‌ನಲ್ಲಿ ಅದು 200, 220, 250. ಅಂದರೆ ಲೆವೆಲ್ 2 ವೆಸ್ಟ್ ಹಾಕಿಕೊಂಡು ಓಡಾಡುವುದರಲ್ಲಿ ಅಂಥ ನಷ್ಟ ಇಲ್ಲ. ಹೆಲ್ಮೆಟ್ ವಿಷಯದಲ್ಲಿ ಮಾತ್ರ ರಾಜಿ ಬೇಡ. ಕಾರ್98ಕೆ ಸ್ನೈಪರ್ ಹಿಡಿದವನು ತಲೆಗೆ ಒಂದು ಹೊಡೆದರೆ ಲೆವೆಲ್ 2 ಹಾಕಿದವನು ಅಲ್ಲೇ ಮಲಗುತ್ತಾನೆ, ಲೆವೆಲ್ 3 ಹಾಕಿದವನು ಬದುಕಿ ಮರದ ಹಿಂದೆ ಓಡುತ್ತಾನೆ. ಎಡಬ್ಲ್ಯೂಎಂ ಸ್ನೈಪರ್‌ಗೆ ಯಾವ ಹೆಲ್ಮೆಟ್ಟೂ ಲೆಕ್ಕಕ್ಕಿಲ್ಲ. ಅದು ಏರ್‌ಡ್ರಾಪ್‌ನಲ್ಲಿ (ಮ್ಯಾಚ್ ನಡುವೆ ವಿಮಾನ ಬೀಳಿಸುವ ಪೆಟ್ಟಿಗೆ) ಬರುವ ಗನ್, ಎಷ್ಟು ಹುಡುಕಿದರೂ ಮನೆಯ ನೆಲದ ಮೇಲೆ ಬಿದ್ದಿರುವುದಿಲ್ಲ.

ಮ್ಯಾನ್ಷನ್ ಮುಗಿಯುವ ಹೊತ್ತಿಗೆ ಸರ್ಕಲ್ ಕಾಣಿಸಿಕೊಂಡಿರುತ್ತದೆ. ಇಲ್ಲಿ ನಿಮ್ಮ ಪ್ರಯಾಣದ ಯೋಜನೆ ಬದಲಾಗಬಹುದು. ನಮ್ಮ ಸರ್ಕಲ್ ಸ್ಕೂಲ್ ಸುತ್ತ ಬಿದ್ದಿತ್ತು, ಹಾಗಾಗಿ ಪ್ರಿಸನ್ ಮೇಲೆ ಹಾದು ಶೆಲ್ಟರ್‌ಗೆ ಹೋಗುವ ದಾರಿ ಸರಿಹೋಯಿತು. ಸರ್ಕಲ್ ಜಾರ್ಕಿ ಕಡೆಯೋ, ದಕ್ಷಿಣದ ಸೊಸ್ನೋವ್ಕಾ ದ್ವೀಪಕ್ಕೋ ಹೋಗಿದ್ದರೆ ಪ್ರಿಸನ್ ಬಿಟ್ಟು ಸೀದಾ ಗಾಡಿ ಹತ್ತಬೇಕು. ದ್ವೀಪಕ್ಕೆ ಎರಡು ಸೇತುವೆ ಇವೆ, ಎರಡರ ಮೇಲೂ ಯಾರಾದರೂ ಹೊಂಚು ಹಾಕಿರುತ್ತಾರೆ. ಮಿಲ್ಟಾ ಪವರ್ ಕಡೆಯ ದಂಡೆಯಲ್ಲಿ ದೋಣಿ ಸಿಕ್ಕರೆ ಸೇತುವೆಯ ಸಹವಾಸವೇ ಬೇಡ. ಈಜಿಕೊಂಡು ಹೋಗುತ್ತೇನೆ ಅಂದರೆ ನೀರಿನಲ್ಲಿ ಗನ್ ಹೊಡೆಯಲು ಆಗುವುದಿಲ್ಲ ಅನ್ನುವುದು ನೆನಪಿರಲಿ. ನಿಮ್ಮನ್ನು ಮಾತ್ರ ಯಾರು ಬೇಕಾದರೂ ಹೊಡೆಯಬಹುದು.

ಪ್ರಿಸನ್ ನನಗೆ ಅಷ್ಟೇನೂ ಇಷ್ಟ ಇಲ್ಲ. ಲೂಟ್ ಪರವಾಗಿಲ್ಲ. ಆದರೆ ಸುತ್ತ ಗುಡ್ಡ, ನಡುವೆ ತಗ್ಗು. ಮೇಲೆ ಒಬ್ಬ ಕೂತರೆ ಒಳಗಿರುವವನ ಕಥೆ ಮುಗಿಯಿತು. ಹೋಗಲೇಬೇಕು ಅಂದರೆ ಒಬ್ಬ ಗುಡ್ಡದ ಮೇಲಿರಲಿ, ಇನ್ನೊಬ್ಬ ಇಳಿದು ಬೇಗ ಮುಗಿಸಿ ಬರಲಿ. ನಮಗೆ ಅಲ್ಲಿ ಒಂದು 4ಎಕ್ಸ್ ಸ್ಕೋಪ್, ಒಂದೆರಡು ಫಸ್ಟ್ ಏಡ್ ಸಿಕ್ಕಿತು.

ಶೆಲ್ಟರ್ ಬೇರೆಯೇ ಲೋಕ. ಮೇಲಿಂದ ನೋಡಿದರೆ ಬರೀ ಗುಡ್ಡ, ಹುಲ್ಲು. ಕೆಳಗೆ ಬಂಕರ್. ಮೆಟ್ಟಿಲು ಇಳಿದರೆ ಉದ್ದನೆಯ ಕಾರಿಡಾರ್, ಪಕ್ಕದಲ್ಲಿ ಕೋಣೆಗಳು. ಒಳಗೆ ಬರಲು ದಾರಿ ಒಂದೇ ಅಲ್ಲ. ಇದು ಒಳ್ಳೆಯದೂ ಹೌದು, ಕೆಟ್ಟದ್ದೂ ಹೌದು. ಇಳಿಯುವಾಗ ಓಡಬೇಡಿ, ಬಗ್ಗಿ ನಡೆಯಿರಿ. ಒಳಗೆ ಸದ್ದು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುವುದು ಕಷ್ಟ, ಅದಕ್ಕೆ ತಿರುವಿನಲ್ಲಿ ಒಮ್ಮೆ ನಿಂತೇ ಮುಂದೆ ಹೋಗಿ. ತಮ್ಮ ಒಂದು ಬಾಗಿಲಲ್ಲಿ ಇಳಿದ, ನಾನು ಇನ್ನೊಂದರಲ್ಲಿ. "ನನ್ನ ಕಡೆ ಎಲ್ಲಾ ಖಾಲಿ ಅಣ್ಣಾ, ಯಾರೋ ಬಳಿದುಕೊಂಡು ಹೋಗಿದ್ದಾರೆ." ನನ್ನ ಕಡೆ ಹಾಗಿರಲಿಲ್ಲ. ಮೂಲೆಯ ಕೋಣೆಯಲ್ಲಿ ಲೆವೆಲ್ 3 ವೆಸ್ಟ್, ಅದರ ಪಕ್ಕದಲ್ಲೇ ರೈಫಲ್‌ನ ಸಪ್ರೆಸರ್. ವೆಸ್ಟ್ ತಮ್ಮನಿಗೆ ಕೊಟ್ಟೆ, ಹೆಲ್ಮೆಟ್ ನನ್ನದಾಗಿತ್ತಲ್ಲ. ಡ್ಯುಯೋದಲ್ಲಿ ಈ ಹಂಚಿಕೆ ಮೊದಲೇ ಮಾತಾಡಿಕೊಂಡಿರಿ, ಇಲ್ಲದಿದ್ದರೆ ಮೈಕ್‌ನಲ್ಲಿ ಜಗಳ ಶುರುವಾಗುತ್ತದೆ. ನೆಲದಡಿ ಇದ್ದೇವೆ ಅಂತ ಬ್ಲೂ ಝೋನ್, ಅಂದರೆ ಸರ್ಕಲ್ ಹೊರಗಿನ ಅಪಾಯದ ಜಾಗ, ಬಿಡುವುದಿಲ್ಲ, ಅಲ್ಲೂ ಜೀವ ತಿನ್ನುತ್ತದೆ. ಮೊದಮೊದಲ ಝೋನ್‌ಗಳ ಏಟು ಸಣ್ಣದು, ಕೊನೆಕೊನೆಗೆ ತಾಳಿಕೊಳ್ಳಲು ಆಗುವುದಿಲ್ಲ. ಫಸ್ಟ್ ಏಡ್ ಕಿಟ್ ಜೀವವನ್ನು 75ರವರೆಗೆ ಮಾತ್ರ ತುಂಬುತ್ತದೆ, ಮೇಲಿನದ್ದಕ್ಕೆ ಎನರ್ಜಿ ಡ್ರಿಂಕ್, ಪೇನ್‌ಕಿಲ್ಲರ್ ಬೇಕು. ಅಂಚಿನ ಊರುಗಳಿಂದ ಬರುವವರು ಗ್ರೆನೇಡ್ ಬಿಟ್ಟಾದರೂ ಡ್ರಿಂಕ್ ಇಟ್ಟುಕೊಳ್ಳಬೇಕು.

ಶೆಲ್ಟರ್‌ನಿಂದ ಹೊರಗೆ ಬರುವಾಗ ವಿಮಾನದ ಸದ್ದು ಕೇಳಿತು. ಸ್ಕೂಲ್‌ನ ಪೂರ್ವದ ಇಳಿಜಾರಿಗೆ ಏರ್‌ಡ್ರಾಪ್ ಬಿತ್ತು, ಕೆಂಪು ಹೊಗೆ ಏಳುತ್ತಿತ್ತು. ನಿಜವಾದ ದೊಡ್ಡ ಲೂಟ್ ಅದರಲ್ಲೇ ಇರುವುದು. ಎಡಬ್ಲ್ಯೂಎಂ, ಗ್ರೋಝಾ ರೈಫಲ್, ಹುಲ್ಲಿನ ಬಟ್ಟೆ ಗಿಲ್ಲಿ ಸೂಟ್, ಅಂಥವೆಲ್ಲ. ಕಂಡ ತಕ್ಷಣ ನುಗ್ಗುವವರು ನಡುವಿನ ಊರಿನವರು. ನಾವು ಪೂರ್ವದಿಂದ ಬಂದವರಾದ್ದರಿಂದ ನಮ್ಮ ಬೆನ್ನಿಗೆ ಬ್ಲೂ ಝೋನ್ ಇತ್ತು, ಹಿಂದಿನಿಂದ ಯಾರೂ ಬರುವಂತಿರಲಿಲ್ಲ. ಅಂಚಿನಿಂದ ಬರುವವರಿಗೆ ಸಿಗುವ ದೊಡ್ಡ ಲಾಭ ಇದು. ಮುಂದೆ ಮಾತ್ರ ನೋಡಿದರೆ ಸಾಕು. ಗಾಡಿಯನ್ನು ಬಂಡೆಯ ಹಿಂದೆ ನಿಲ್ಲಿಸಿ ಕಾದೆವು. ಸ್ಕೂಲ್ ಕಡೆಯಿಂದ ಇಬ್ಬರು ಓಡಿ ಬಂದು ಡ್ರಾಪ್ ತೆರೆದರು. ತೆರೆಯುವಾಗ ಅವರು ನಿಂತೇ ಇರಬೇಕಲ್ಲ, ಅಷ್ಟು ಸಾಕಾಯಿತು. ಒಬ್ಬನನ್ನು ತಮ್ಮ ನಾಕ್ ಮಾಡಿದ, ಅವನನ್ನು ಎತ್ತಲು ಬಗ್ಗಿದ ಇನ್ನೊಬ್ಬನನ್ನು ನಾನು. ಎಡಬ್ಲ್ಯೂಎಂ ಇರಲಿಲ್ಲ, ಗ್ರೋಝಾ ಇತ್ತು. ಬೇಡ ಅನ್ನುತ್ತೇವಾ! ಆ ಮ್ಯಾಚ್ ಕೊನೆಗೆ ನಾವು ಎರಡನೇ ಸ್ಥಾನದಲ್ಲಿ ಮುಗಿಸಿದೆವು. ಚಿಕನ್ ಡಿನ್ನರ್, ಅಂದರೆ ಮೊದಲ ಸ್ಥಾನ, ಯಾರೋ ಹುಲ್ಲಿನಲ್ಲಿ ಮಲಗಿದ್ದವರ ಪಾಲಾಯಿತು.

ಇದೇ ದಾರಿಯನ್ನು ನಾಲ್ಕು ಜನರ ಸ್ಕ್ವಾಡ್ ಹಿಡಿದರೆ ಹೊಟ್ಟೆ ತುಂಬುವುದಿಲ್ಲ. ಲಿಪೋವ್ಕಾದಂಥ ಊರು ಇಬ್ಬರಿಗೆ ಸರಿ, ನಾಲ್ವರಿಗೆ ತಲಾ ಒಂದು ಗನ್ ಸಿಕ್ಕರೆ ಹೆಚ್ಚು. ಸ್ಕ್ವಾಡ್‌ನವರು ಮಿಲ್ಟಾ ಪವರ್ ನೋಡಿ. ಅದೂ ಪೂರ್ವದ ತುದಿಯಲ್ಲೇ ಇದೆ, ದೊಡ್ಡ ಪವರ್ ಪ್ಲಾಂಟ್, ಲೂಟ್ ಬೇಕಾದಷ್ಟು. ವಿಮಾನ ಹತ್ತಿರ ಹಾದಿದ್ದರೆ ಮಾತ್ರ ಬೇಡ, ಆಗ ಅದೂ ಸ್ಕೂಲ್ ಥರಾನೇ ಆಗಿರುತ್ತದೆ. ಕೆಲವು ಆವೃತ್ತಿಗಳಲ್ಲಿ ಬೀಗ ಹಾಕಿದ ಗುಟ್ಟಿನ ನೆಲಮಾಳಿಗೆಗಳೂ ಇವೆ. ಲೂಟ್ ಮಾಡುವಾಗ ಕೀ ಸಿಕ್ಕರೆ ಬಿಡಬೇಡಿ, ಆದರೆ ಅದಕ್ಕಾಗಿಯೇ ಮ್ಯಾಪ್ ಸುತ್ತಬೇಡಿ.

ವಿಮಾನ ಪೂರ್ವದ ಮೇಲೇ ಹೋದರೆ ನಾವು ನೈಋತ್ಯದ ಪ್ರಿಮೋರ್ಸ್ಕ್‌ಗೆ ಹೋಗುತ್ತೇವೆ. ಅದೂ ಸಮುದ್ರದ ದಂಡೆಯ ಊರು. ಅಲ್ಲಿಂದ ಕ್ವಾರಿ, ಗಟ್ಕಾ ನೋಡಿಕೊಂಡು ನಡುವಿಗೆ ಬರಬಹುದು. ಸರ್ಕಲ್ ದ್ವೀಪಕ್ಕೆ ಬಿದ್ದರೆ ದಂಡೆಯಲ್ಲಿ ದೋಣಿ ಹುಡುಕಬಹುದು. ಪ್ರಿಮೋರ್ಸ್ಕ್‌ಗೆ ಹೋಗುವಾಗಲೂ ನೇರವಾಗಿ ಊರಿನ ಮೇಲೆ ಇಳಿಯಬೇಡಿ. ದಾರಿಯಲ್ಲಿ ಗಾಡಿ ಕಂಡರೆ ಮೊದಲು ಅದರ ಪಕ್ಕದಲ್ಲಿ ಇಳಿಯಿರಿ.