ಎಲ್ಬೋ ಅಂಗಡೀಲಿ, ಡ್ರಿಲ್ ಬಿಟ್ ಆನ್‌ಲೈನಲ್ಲಿ

ಹಾಸನದ ಬಿ.ಎಂ. ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಬಾತ್‌ರೂಮ್ ಮಿಕ್ಸರ್‌ಗೆ (ಬಿಸಿನೀರು, ತಣ್ಣೀರು ಬೆರೆಸುವ ನಲ್ಲಿ) ಹೇಳುವ ರೇಟು ಒಂದು, ಮೊಬೈಲ್‌ನಲ್ಲಿ ಕಾಣೋದು ಇನ್ನೊಂದು. ಮನೆ ರಿಪೇರಿಗೆ ಕೈ ಹಾಕಿದವರು ಅಲ್ಲೇ ಕೌಂಟರ್ ಮುಂದೆ ನಿಂತು ಫೋನ್ ತೆಗೀತಾರೆ. ಅಂಗಡಿಯವರ ಮುಖ ಸಣ್ಣದಾಗುತ್ತೆ. ಆನ್‌ಲೈನ್ ಅಗ್ಗ ನಿಜ, ಆದರೆ ಎಲ್ಲ ಸಾಮಾನಿಗೂ ಅಲ್ಲ. ಅಗ್ಗ ಇದ್ದಲ್ಲೂ ಲೆಕ್ಕ ಬಿಲ್ಲಿಗೆ ಮುಗಿಯಲ್ಲ. ಗಾರೆಯವರ ಕೂಲಿ ದಿನಕ್ಕೆ ಸಾವಿರ ಅಂತ ಹಿಡಿದರೂ, ತಪ್ಪು ಅಳತೆಯ ಒಂದು ವಸ್ತು ಬಂದು ಮೇಸ್ತ್ರಿ ಮತ್ತು ಕೈಯಾಳು ಅರ್ಧ ದಿನ ಕೂತರೆ ಉಳಿಸಿದ ಮುನ್ನೂರು ರೂಪಾಯಿ ಅಲ್ಲಿಗೇ ಕರಗಿತು.

ಮೊದಲು ಪ್ಲಂಬಿಂಗ್. ಅತಿ ಹೆಚ್ಚು ಎಡವಟ್ಟಾಗೋದು ಇಲ್ಲಿ, ಅದಕ್ಕೆ ಕಾರಣ 'ಅರ್ಧ ಇಂಚು' ಅನ್ನೋ ಮಾತು. ಬಿಸಿನೀರಿಗೆ ಹಾಕುವ ಸಿಪಿವಿಸಿ ಅರ್ಧ ಇಂಚಿನ ಪೈಪಿನ ಹೊರ ಅಳತೆ 15.9 ಮಿಮೀ. ತಣ್ಣೀರಿನ ಯುಪಿವಿಸಿ ಅರ್ಧ ಇಂಚು ಅಂದರೆ 21.3 ಮಿಮೀ. ತೋಟದ ಕಡೆ ಬಳಸುವ, ಮಿಲಿಮೀಟರ್‌ನಲ್ಲೇ ಹೆಸರಿಸುವ ಪಿವಿಸಿಯಲ್ಲಿ ಅದರ ಹತ್ತಿರದ ಸೈಜು 20 ಮಿಮೀ. ಮೂರಕ್ಕೂ ಬೇರೆ ಬೇರೆ ಎಲ್ಬೋ (ಪೈಪು ತಿರುಗಿಸುವ ಮೂಲೆ ತುಂಡು). ಆನ್‌ಲೈನ್ ಪುಟದಲ್ಲಿ 'ಅರ್ಧ ಇಂಚು ಎಲ್ಬೋ, ಹತ್ತರ ಪ್ಯಾಕ್' ಅಂತ ಮಾತ್ರ ಬರೆದಿರುತ್ತೆ. ಫೋಟೋದಲ್ಲಿ ಬಣ್ಣ ನೋಡಿ ಯುಪಿವಿಸಿ ಅಂತ ಊಹಿಸಿ ತರಿಸಿದರೆ ಪೈಪು ಒಂದೋ ಒಳಗೆ ಹೋಗಲ್ಲ, ಇಲ್ಲ ಲೊಡಲೊಡ ಅನ್ನುತ್ತೆ. ಲೊಡಲೊಡ ಅನ್ನೋದನ್ನ ಸಾಲ್ವೆಂಟ್ ಅಂಟು ಜಾಸ್ತಿ ಬಳಿದು ಕೂರಿಸೋರೂ ಇದ್ದಾರೆ. ಅದು ಗೋಡೆಯೊಳಗೆ ಮುಚ್ಚಿಹೋದ ಮೇಲೆ, ಟ್ಯಾಂಕ್ ತುಂಬಿ ಒತ್ತಡ ಬಿದ್ದಾಗ ಜಿನುಗುತ್ತೆ.

ಫಿಟಿಂಗ್ಸ್ ಅಂಗಡಿಯಲ್ಲೇ ತರಬೇಕು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಕಾರಣ ವಾಪಸ್. ಒಂದು ಬಾತ್‌ರೂಮಿಗೆ ಎಷ್ಟು ಟೀ, ಎಷ್ಟು ಎಲ್ಬೋ, ಎಷ್ಟು ಹಿತ್ತಾಳೆ ಮರೆ (ತಿರುಪಿನ ಸುತ್ತು) ಇರುವ ಎಲ್ಬೋ ಬೇಕು ಅಂತ ಗೋಡೆ ಕೊರೆಯುವ ತನಕ ಪ್ಲಂಬರಿಗೂ ಸರಿಯಾಗಿ ಗೊತ್ತಾಗಲ್ಲ. ಅದಕ್ಕೇ ಹತ್ತು ಬೇಕಾದಲ್ಲಿ ಹದಿನಾಲ್ಕು ಒಯ್ದು, ಕೆಲಸ ಮುಗಿದ ಮೇಲೆ ನಾಲ್ಕನ್ನ ವಾಪಸ್ ಕೊಟ್ಟು ಬಿಲ್ಲಿನಲ್ಲಿ ಕಳೆಸೋದು ನಮ್ಮ ಕಡೆಯ ರೂಢಿ. ಸಾಲ್ವೆಂಟ್ ಹಚ್ಚದ, ನೂಲು ಸುತ್ತದ ಮಾಲನ್ನ ಪರಿಚಯದ ಅಂಗಡಿ ತಕರಾರಿಲ್ಲದೆ ತಗೊಳ್ಳುತ್ತೆ. ಕಾಫಿ ಮಾರಿದ ಪೇಮೆಂಟ್ ಬರುವ ತನಕ ಉದ್ರಿಯೂ ಬರೆದುಕೊಳ್ಳುತ್ತೆ. ಎಂಟು ರೂಪಾಯಿಯ ನಾಲ್ಕು ಎಲ್ಬೋ ವಾಪಸ್ ಕಳಿಸೋಕೆ ಕೊರಿಯರ್ ಹುಡುಗನನ್ನ ಕಾಯೋದು ಯಾರಿಗೂ ಗಿಟ್ಟಲ್ಲ.

ಕಮೋಡ್ ವಿಷಯಕ್ಕೆ ಬಂದರೆ ಮೂರು ಅಳತೆ ಗೊತ್ತಿಲ್ಲದೆ ಆರ್ಡರ್ ಒತ್ತಬೇಡಿ. ನೆಲದೊಳಗೆ ಹೋಗುವ ಎಸ್ ಟ್ರ್ಯಾಪ್ ಆದರೆ ಹಿಂದಿನ ಗೋಡೆಯಿಂದ ಪೈಪಿನ ನಡುವಿಗೆ ಎಷ್ಟು ಅಂತ ನೋಡಬೇಕು. ಮಾರುಕಟ್ಟೆಯಲ್ಲಿ 9 ಇಂಚು, 12 ಇಂಚು ಎರಡೂ ಓಡುತ್ತೆ, 4 ಇಂಚಿನದೂ ಇದೆ. ಗೋಡೆಗೆ ಹೋಗುವ ಪಿ ಟ್ರ್ಯಾಪ್ ಆದರೆ ಟೈಲ್ ಹಾಕಿದ ನೆಲದಿಂದ ಪೈಪಿನ ನಡುವಿಗೆ ಸಾಮಾನ್ಯವಾಗಿ 180 ಮಿಮೀ ಎತ್ತರ. ಗೋಡೆಗೆ ನೇತುಹಾಕುವ ಮಾದರಿಯಲ್ಲಿ ಎರಡು ಬೋಲ್ಟ್‌ಗಳ ನಡುವಿನ ಅಂತರ 180 ಮಿಮೀಯೋ 230 ಮಿಮೀಯೋ ಅಂತ ನೋಡಬೇಕು. ಈ ಅಳತೆಗಳೆಲ್ಲ ಮುಗಿದ ಟೈಲಿನ ಮೇಲಿಂದ ಲೆಕ್ಕ. ಇಟ್ಟಿಗೆ ಗೋಡೆ ಬರಿದಾಗಿದ್ದಾಗ ಟೇಪು ಹಿಡಿದರೆ ಪ್ಲಾಸ್ಟರು, ಟೈಲು ಎರಡೂ ಸೇರಿ ಒಂದೂವರೆ ಇಂಚಿನಷ್ಟು ಕಳೆಯಬೇಕು. ಅದನ್ನ ಮರೆತು 9 ಇಂಚಿನದು ತರಿಸಿದರೆ ಟೈಲ್ ಆದ ಮೇಲೆ ಇರೋದು ಏಳೂವರೆ, ಕಮೋಡಿನ ಬೆನ್ನು ಗೋಡೆಗೆ ತಾಗಿ ಬಾಯಿ ಪೈಪಿನ ಮೇಲೆ ಕೂರೋದೇ ಇಲ್ಲ. ಅಷ್ಟು ಭಾರದ ಪಿಂಗಾಣಿಯನ್ನ ಮತ್ತೆ ಪ್ಯಾಕ್ ಮಾಡಿ ವಾಪಸ್ ಕಳಿಸುವ ಹೊತ್ತಿಗೆ ಮೂಲೆ ಒಂದು ಬಿರುಕು ಬಿಟ್ಟಿರುತ್ತೆ, ಆಮೇಲೆ ಆ ಬಿರುಕು ಯಾರದು ಅನ್ನೋ ಜಗಳ.

ಗೋಡೆಯೊಳಗೆ ಕೂತು ನೀರನ್ನ ನಲ್ಲಿಗೋ ಶವರ್‌ಗೋ ತಿರುಗಿಸುವ ಡೈವರ್ಟರ್‌ದೂ ಇದೇ ಕತೆ. ಒಳಗಿನ ಬಾಡಿ ಬೇರೆ ಬಿಲ್ಲು, ಹೊರಗೆ ಕಾಣುವ ಹಿಡಿ ಮತ್ತು ತಟ್ಟೆ ಬೇರೆ ಬಿಲ್ಲು. ಆನ್‌ಲೈನಲ್ಲಿ ಅರ್ಧ ಬೆಲೆಗೆ ಕಂಡರೆ ಅದು ಎರಡರಲ್ಲಿ ಒಂದು ಮಾತ್ರ ಇರಬಹುದು. ಒಂದು ಕಂಪನಿಯ ಬಾಡಿಗೆ ಇನ್ನೊಂದರ ಹಿಡಿ ಕೂರಲ್ಲ.

ನಲ್ಲಿಯ ಸ್ಪೇರ್ ಮಾತ್ರ ಆನ್‌ಲೈನಿನದೇ ಕ್ಷೇತ್ರ. ಅರಸೀಕೆರೆ, ಕಡೂರು ಕಡೆ ಬೋರ್‌ವೆಲ್‌ನ ಗಡಸು ನೀರಿಗೆ ಸಿಂಗಲ್ ಲಿವರ್ ಮಿಕ್ಸರ್‌ನ ಕಾರ್ಟ್ರಿಜ್‌ನಲ್ಲಿ (ನೀರು ಬಿಡುವ, ನಿಲ್ಲಿಸುವ ಒಳಗಿನ ತುಂಡು) ಬಿಳಿ ಸುಣ್ಣ ಕಟ್ಟಿ ಹಿಡಿ ಬಿಗಿಯಾಗುತ್ತೆ, ಆಮೇಲೆ ಸೋರುತ್ತೆ. ಊರಿನ ಅಂಗಡಿಯಲ್ಲಿ ಕೇಳಿದರೆ ಹೊಸ ನಲ್ಲಿ ತೋರಿಸ್ತಾರೆ. ಹಳೇ ಕಾರ್ಟ್ರಿಜ್ ಬಿಚ್ಚಿ ತಳದ ವ್ಯಾಸ ಅಳೀರಿ, ಹೆಚ್ಚಾಗಿ 35 ಅಥವಾ 40 ಮಿಮೀ ಇರುತ್ತೆ. ತಳದ ಸಣ್ಣ ಗೂಟಗಳ ಜಾಗ, ಮೇಲಿನ ಕಡ್ಡಿಯ ಎತ್ತರ ಎರಡನ್ನೂ ಫೋಟೋಗೆ ಹೋಲಿಸಿ ತರಿಸಿ. ಸಾವಿರಾರು ರೂಪಾಯಿಯ ಮಿಕ್ಸರ್ ನೂರರ ಲೆಕ್ಕದಲ್ಲಿ ಮತ್ತೆ ಓಡುತ್ತೆ.

ವೈರಿಗೆ ಬರೋಣ. ಪರಿಚಿತ ಬ್ರ್ಯಾಂಡಿನ ಹೆಸರಲ್ಲಿ ಗೊತ್ತಿಲ್ಲದ ಮಾರಾಟಗಾರ ತುಂಬಾ ಕಡಿಮೆಗೆ ಕೊಡ್ತಿದ್ದರೆ ಅನುಮಾನ ಪಡಬೇಕಾದ ಮೊದಲ ವಸ್ತು ಇದೇ. ಕಾಯಿಲ್ ಮೇಲೆ ಐಎಸ್ 694 (ವೈರಿನ ಮಾನದಂಡದ ನಂಬರ್), ಐಎಸ್‌ಐ ಗುರುತು, ಅದರ ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಆ ನಂಬರನ್ನ ಸರ್ಕಾರಿ ಮಾನಕ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿಗೆ, ಯಾವ ಮಾಲಿಗೆ ಕೊಟ್ಟಿದ್ದು ಅಂತ ಬರುತ್ತೆ. ನಂಬರ್ ಸರಿ ಇದ್ದೂ ಮಾಲು ನಕಲಿ ಇರಬಹುದು, ಅದಕ್ಕೆ ಕೈಯಲ್ಲೇ ನೋಡುವ ಉಪಾಯ ಇದೆ. ಒಂದು ತುದಿಯ ಸಿಪ್ಪೆ ಸುಲಿದು ಎಳೆಯನ್ನ ಬ್ಲೇಡಿನಿಂದ ಕೆರೀರಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. 1.5 ಚದರ ಮಿಮೀ, 90 ಮೀಟರ್ ಕಾಯಿಲಿನ ಎರಡೂ ತುದಿಗೆ ಮಲ್ಟಿಮೀಟರ್ ಹಿಡಿದರೆ 1.2 ಓಮ್ ಆಸುಪಾಸು ತೋರಿಸಬೇಕು, 2.5 ಚದರ ಮಿಮೀಗೆ 0.7 ಆಸುಪಾಸು. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿಯನ್ನ ಮೊದಲು ಕಳೀಬೇಕು, ಇಲ್ಲದಿದ್ದರೆ ಒಳ್ಳೇ ವೈರೂ ಕೆಟ್ಟದ್ದಾಗಿ ಕಾಣುತ್ತೆ. 1.5ರ ಕಾಯಿಲ್ ಒಂದೂವರೆ ಓಮ್ ದಾಟಿದರೆ ಒಂದೋ ತಾಮ್ರ ಕಮ್ಮಿ, ಇಲ್ಲ ತಾಮ್ರವೇ ಅಲ್ಲ. ಉದ್ದವನ್ನೂ ಕಡಿಮೆ ಮಾಡಿ ಈ ಅಂಕಿಯನ್ನ ಸರಿದೂಗಿಸಬಹುದು, ಹಾಗಾಗಿ ತೂಕವೂ ನೋಡಿ. 1.5ರ ಕಾಯಿಲಿನಲ್ಲಿ 90 ಮೀಟರಿಗೆ ತಾಮ್ರವೇ ಒಂದು ಕೆಜಿ ದಾಟುತ್ತೆ, ಮೇಲಿನ ಪಿವಿಸಿ ಬೇರೆ. ಕವರು ಸೇರಿ ಇಡೀ ಕಾಯಿಲ್ ಒಂದೇ ಕೆಜಿ ಇದ್ದರೆ ಗೋಡೆಯೊಳಗೆ ಎಳೀಬೇಡಿ. ಕಾಯಿಲಿನ ಕವರ್ ಹರಿದ ಮೇಲೆ ಆನ್‌ಲೈನಿನವರು ವಾಪಸ್ ತಗೊಳ್ಳೋದು ಕಷ್ಟ, ಹಾಗಾಗಿ ಹರಿಯುವಾಗಿನಿಂದಲೇ ವಿಡಿಯೋ ಓಡುತ್ತಿರಲಿ.

ಪವರ್ ಟೂಲ್‌ಗಳಿಗೆ ಆನ್‌ಲೈನೇ ವಾಸಿ. ಹಾಸನ, ಚಿಕ್ಕಮಗಳೂರಿನ ಅಂಗಡಿಗಳಲ್ಲಿ ನಾಲ್ಕೈದು ಮಾಡೆಲ್ ಇಟ್ಟಿರ್ತಾರೆ, ಮೊಬೈಲಿನಲ್ಲಿ ನೂರು. ಆದರೆ ಹೆಸರಿನ ಕೊನೆಯಲ್ಲಿ 'ಸೋಲೋ', 'ಬೇರ್ ಟೂಲ್' ಅಂತಿದ್ದರೆ ಬ್ಯಾಟರಿ, ಚಾರ್ಜರ್ ಎರಡೂ ಬರಲ್ಲ. ಆಮೇಲೆ ಅವೆರಡನ್ನ ಬಿಡಿಯಾಗಿ ಕೊಂಡರೆ ಡ್ರಿಲ್‌ಗಿಂತ ಜಾಸ್ತಿ ಆದರೂ ಆಶ್ಚರ್ಯ ಇಲ್ಲ. 18 ವೋಲ್ಟ್, 20 ವೋಲ್ಟ್ ಅಂತ ಎರಡು ದರ್ಜೆ ಇಲ್ಲ. ಐದು ಲಿಥಿಯಂ ಸೆಲ್‌ಗಳನ್ನ 3.6ರಂತೆ ಗುಣಿಸಿದರೆ 18, ಪೂರ್ತಿ ಚಾರ್ಜ್ ಆದಾಗಿನ ಸುಮಾರು 4ರಂತೆ ಗುಣಿಸಿದರೆ 20. ಡಬ್ಬಿ ಮೇಲೆ 48, 88 ಅಂತ ದೊಡ್ಡ ಅಂಕಿ ಹಾಕಿರುವ ಅಗ್ಗದ ಡ್ರಿಲ್‌ಗಳ ಬ್ಯಾಟರಿ ಒಳಗೂ ಸಾಮಾನ್ಯವಾಗಿ ಅದೇ ಐದು ಸೆಲ್.

ಗ್ರೈಂಡರ್ ಬ್ಲೇಡಿನಲ್ಲಿ ಆಗುವ ತಪ್ಪು ಜೀವಕ್ಕೇ ಅಪಾಯ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ. ನಾಲ್ಕು ಇಂಚಿನ ಆ್ಯಂಗಲ್ ಗ್ರೈಂಡರಿನ ಚಕ್ರದ ನಡುವಿನ ತೂತು 16 ಮಿಮೀ. ಟೈಲು, ಗ್ರಾನೈಟು ಕುಯ್ಯುವ ಮಾರ್ಬಲ್ ಕಟರಿನ 110 ಮಿಮೀ ಬ್ಲೇಡಿಗೆ ತೂತು 20 ಮಿಮೀ. ಎರಡನ್ನೂ ಆನ್‌ಲೈನಿನಲ್ಲಿ 'ನಾಲ್ಕು ಇಂಚಿನ ಬ್ಲೇಡ್' ಅಂತಲೇ ಮಾರ್ತಾರೆ. 20ರ ತೂತಿನ ಬ್ಲೇಡನ್ನ 16ರ ಗ್ರೈಂಡರಿಗೆ ಹಾಕಿ ನಟ್ ಬಿಗಿದರೆ ನಿಂತ ಹಾಗೆ ಕಾಣುತ್ತೆ, ಆದರೆ ನಡು ಸರಿಯಾಗಿ ಕೂತಿರಲ್ಲ. ನಿಮಿಷಕ್ಕೆ 11,000 ಸುತ್ತು ತಿರುಗುವಾಗ ಅದು ಅದುರಿ ಸಿಡೀಬಹುದು. ಬ್ಲೇಡಿನ ಮೇಲೆ ಬರೆದಿರುವ ಗರಿಷ್ಠ ಸುತ್ತು ಮೆಷಿನ್ನಿನ ಸುತ್ತಿಗಿಂತ ಹೆಚ್ಚಿರಬೇಕು. ಹಲ್ಲಿರುವ ಮರ ಕುಯ್ಯುವ ಬ್ಲೇಡನ್ನ ಗ್ರೈಂಡರಿಗೆ ಅಂತ ಮಾರೋದು ಆನ್‌ಲೈನಲ್ಲಿ ಸಲೀಸಾಗಿ ಸಿಗುತ್ತೆ, ಅದನ್ನ ತರಿಸಬೇಡಿ. ಮರದ ಗಂಟಿಗೆ ಸಿಕ್ಕಿಕೊಂಡರೆ ಮೆಷಿನ್ನು ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಎಗರುತ್ತೆ.

ಡ್ರಿಲ್ ಬಿಟ್‌ಗಳಲ್ಲೂ ಹಿಂಬದಿ ನೋಡಿ, ಕಾಂಕ್ರೀಟು ಕೊರೆಯುವ ಹ್ಯಾಮರ್ ಡ್ರಿಲ್ಲಿನ ಬಿಟ್‌ಗೆ ಎಸ್‌ಡಿಎಸ್ ಅನ್ನೋ ಸಿಕ್ಕಿಸುವ ಹಿಡಿ ಇರುತ್ತೆ. ಎಸ್‌ಡಿಎಸ್ ಪ್ಲಸ್‌ನ ಹಿಡಿ 10 ಮಿಮೀ, ಮ್ಯಾಕ್ಸ್‌ದು 18, ಸಣ್ಣ ಬ್ರೇಕರ್‌ಗಳ ಚಾಣ 17 ಮಿಮೀ ಆರು ಮೂಲೆಯದು. ಕಾರ್ಬನ್ ಬ್ರಷ್, ಸ್ವಿಚ್, ಆರ್ಮೇಚರ್ ಇವನ್ನ ಹಳೇದರ ಮೇಲಿರುವ ನಂಬರ್ ಹಾಕಿ ಆನ್‌ಲೈನಿನಲ್ಲೇ ಹುಡುಕಿ. ಮೆಷಿನ್ ಕೊಳ್ಳುವ ಮೊದಲು ಆ ಕಂಪನಿಯ ಸರ್ವಿಸ್ ಸೆಂಟರ್ ಹಾಸನದಲ್ಲಿದೆಯೋ ಬೆಂಗಳೂರಿಗೇ ಕಳಿಸಬೇಕೋ ವಿಚಾರಿಸಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಲಿ, ವಾರಂಟಿಗೆ ಆನ್‌ಲೈನ್ ನೋಂದಣಿ ಕೇಳುವ ಕಂಪನಿ ಆದರೆ ಡಬ್ಬಿ ಒಡೆದ ದಿನವೇ ಮಾಡಿಬಿಡಿ.

ಬಡಗಿ ಸಾಮಾನಿನಲ್ಲಿ ಕಬೋರ್ಡಿನ ಹಿಂಜ್, ಡ್ರಾಯರ್ ಚಾನೆಲ್ ಒಟ್ಟಿಗೆ ಐವತ್ತು, ನೂರರ ಲೆಕ್ಕದಲ್ಲಿ ತರಿಸೋದು ಲಾಭ. ಹಿಂಜ್‌ನಲ್ಲಿ ಬಾಗಿಲು ಪಟ್ಟಿಯನ್ನ ಪೂರ್ತಿ ಮುಚ್ಚೋದಕ್ಕೆ 0 ಕ್ರ್ಯಾಂಕ್ (ಹಿಂಜಿನ ತೋಳಿನ ಬಾಗು), ಒಂದೇ ಪಟ್ಟಿಗೆ ಎರಡು ಬಾಗಿಲು ಬರುವಲ್ಲಿ 8, ಬಾಗಿಲು ಚೌಕಟ್ಟಿನ ಒಳಗೇ ಕೂರೋದಾದರೆ 16. ಇದನ್ನ ಬಡಗಿಯ ಹತ್ತಿರ ಎಣಿಸಿ ಬರೆಸಿಕೊಳ್ಳಿ. ಮಲೆನಾಡಿನ ಶೀತಕ್ಕೆ 202 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು ಬೇಗ ತುಕ್ಕಿನ ಚುಕ್ಕೆ ಬಿಡುತ್ತೆ, ಮೂಡಿಗೆರೆ, ಸಕಲೇಶಪುರದ ಕಡೆ 304ನ್ನೇ ಕೇಳಿ. ಆಯಸ್ಕಾಂತ ಹಿಡಿದು ನೋಡಿದೆ, ಅಂಟಲಿಲ್ಲ, ಆದ್ದರಿಂದ 304 ಅನ್ನೋ ಮಾತು ಕೇಳಿಬರುತ್ತೆ. 202ಕ್ಕೂ ಆಯಸ್ಕಾಂತ ಅಂಟಲ್ಲ. 304 ಪರೀಕ್ಷೆಯ ದ್ರವ ಆನ್‌ಲೈನಿನಲ್ಲೇ ಸಿಗುತ್ತೆ: ಒಂದು ಹನಿ ಬಿಟ್ಟು 9 ವೋಲ್ಟ್ ಬ್ಯಾಟರಿ ತಾಗಿಸಿದರೆ 202ರ ಮೇಲೆ ಹನಿ ಕೆಂಪಗಾಗುತ್ತೆ. ಪ್ಲೈವುಡ್ ಮಾತ್ರ ಅಂಚು ನೋಡಿ, ತಟ್ಟಿ, ಅಂಗಡಿಯಲ್ಲೇ.

ಟೈಲ್ ಕೂಡ ಅಂಗಡಿಯಲ್ಲೇ. 2 ಅಡಿಗೆ 2 ಅಡಿ ಅನ್ನುವ, ನಿಜಕ್ಕೆ 600 ಮಿಮೀ ಇರುವ ಟೈಲು ಡಬ್ಬಿಯಲ್ಲಿ ನಾಲ್ಕು, ಹದಿನೈದೂವರೆ ಚದರಡಿ. 10ಕ್ಕೆ 12ರ ಕೋಣೆಗೆ 120 ಚದರಡಿ, ಶೇ. ಹತ್ತರಷ್ಟು ನಷ್ಟ ಸೇರಿ 132, ಅಂದರೆ ಒಂಬತ್ತು ಡಬ್ಬಿ. ಮುಂದೆ ಒಡೆದರೆ ಇರಲಿ ಅಂತ ಇನ್ನೊಂದು. ಹತ್ತೂ ಡಬ್ಬಿಯ ಮೇಲೆ ಒಂದೇ ಬ್ಯಾಚ್, ಒಂದೇ ಶೇಡ್ ನಂಬರ್ ಇರಬೇಕು. ಆನ್‌ಲೈನಿನಲ್ಲಿ ಇದನ್ನ ಕೇಳೋಕೆ ಆಗಲ್ಲ, ಎರಡನೇ ಸಲ ತರಿಸಿದ್ದು ಮೊದಲಿನ ಪಕ್ಕ ಬೇರೆ ಬಣ್ಣವಾಗಿ ಕಾಣುತ್ತೆ. ಪೈಂಟೂ ಹಾಗೇ: ಬಣ್ಣ ಕಲಸೋದು ಅಂಗಡಿಯ ಮೆಷಿನ್ನು. ಸಿಮೆಂಟಿನ ಮಾತಂತೂ ಬೇಡ, ಚೀಲದ ಮೇಲಿನ ವಾರ ನೋಡಿ ತನ್ನಿ, ಮಳೆಗಾಲದಲ್ಲಿ ಹದಿನೈದು ದಿನಕ್ಕಾಗುವಷ್ಟು ಮಾತ್ರ. ಸಿಲಿಕಾನ್, ವಾಟರ್‌ಪ್ರೂಫಿಂಗ್ ಆನ್‌ಲೈನ್ ತರಿಸಿದರೆ ತಯಾರಾದ ತಿಂಗಳು ಮೊದಲು ಓದಿ. ಹಳೇ ಸಿಲಿಕಾನ್ ಗನ್ನಿನಿಂದ ಹೊರಬರುತ್ತೆ, ಒಣಗೋದೇ ಇಲ್ಲ.

ಗುತ್ತಿಗೆ ಕೆಲಸ ಮಾಡುವ, ಜಿಎಸ್‌ಟಿ ನಂಬರ್ ಇರುವವರು ಆ ನಂಬರ್ ಹಾಕಿಯೇ ಬಿಲ್ ಮಾಡಿಸಿ. ಶೇ. 18ರ ದರದಲ್ಲಿ 11,800 ರೂಪಾಯಿಯ ಡ್ರಿಲ್‌ನಲ್ಲಿ 1,800 ತೆರಿಗೆ, ಸಾಮಾನ್ಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಅದು ಇನ್‌ಪುಟ್ ಆಗಿ, ಕಟ್ಟಬೇಕಾದ ತೆರಿಗೆಯಲ್ಲಿ ಕಳೆದು, ವಾಪಸ್ ಬರುತ್ತೆ. ಕಾಂಪೊಸಿಷನ್‌ನಲ್ಲಿರುವವರಿಗೂ (ವಹಿವಾಟಿನ ಮೇಲೆ ಸಣ್ಣ ದರದಲ್ಲಿ ಕಟ್ಟುವ ಸರಳ ಪದ್ಧತಿ) ಮನೆ ಮಾಲೀಕರಿಗೂ ಇದು ಸಿಗಲ್ಲ.

ಮಾಲು ಕೆಟ್ಟು ಬಂದರೆ ಆ ತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮದಂತೆ 48 ಗಂಟೆಯೊಳಗೆ ದೂರು ತಲುಪಿದೆ ಅಂತ ಹೇಳಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. ಮಾರಾಟಗಾರ ಎಲ್ಲೇ ಇರಲಿ, ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷದವರೆಗೆ ಶುಲ್ಕ ಇಲ್ಲ. ವ್ಯಾಪಾರಕ್ಕೆ ಕೊಂಡವರು ಗ್ರಾಹಕರಲ್ಲ ಅಂತ ಎದುರಿನವರು ವಾದಿಸಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ಬಡಗಿಯ ಮೆಷಿನ್ನಿಗೆ ಆ ವಾದ ನಿಲ್ಲಲ್ಲ, ಕಾನೂನಿನಲ್ಲೇ ಹಾಗಿದೆ.

ತೋಟದ ಮನೆಗೆ ತರಿಸೋರು ಪಿನ್‌ಕೋಡ್ ಹಾಕಿ ನೋಡಿ. ಹಾಸನದ 573201, ಚಿಕ್ಕಮಗಳೂರಿನ 577101ಕ್ಕೆ ಬರುವ ದೊಡ್ಡ ಪಾರ್ಸೆಲ್ ಮೂಡಿಗೆರೆಯ 577132 ಅಂತ ಹಾಕಿದ ತಕ್ಷಣ 'ಲಭ್ಯವಿಲ್ಲ' ಅನ್ನಬಹುದು. ಬಂದರೂ ಗೇಟಿನ ತನಕ ಅಲ್ಲ, ಸರ್ಕಲ್‌ನ ಅಂಗಡಿಯ ತನಕ. ಓಟಿಪಿ ಹೇಳೋಕೆ ಮನೆಯಲ್ಲಿ ನೆಟ್‌ವರ್ಕ್ ಇರಲ್ಲ. ಮಳೆಗಾಲದ ಕೆಲಸಕ್ಕೆ ಬೇಕಾದ್ದನ್ನ ಮೇ ತಿಂಗಳಲ್ಲೇ ತರಿಸಿಟ್ಟುಕೊಳ್ಳಿ.

ಹಳೇ ಮನೆಯ ಮಂಗಳೂರು ಹೆಂಚು ಹತ್ತಿಪ್ಪತ್ತು ಒಡೆದಿದ್ದರೆ ಮೊಬೈಲ್ ಒಳಗಿಡಿ. ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ಥರ, ಬೇರೆ ಅಚ್ಚಿನದು ಪಕ್ಕದ ಹೆಂಚಿನ ಕೊಂಡಿಗೆ ಕೂರಲ್ಲ, ಸಂದಿಯಲ್ಲಿ ನೀರು ಇಳಿಯುತ್ತೆ. ಒಡೆಯದ ಒಂದು ಹೆಂಚನ್ನ ಇಳಿಸಿ, ಗೋಣಿ ಸುತ್ತಿ ಬೈಕಿನ ಮುಂದಿಟ್ಟುಕೊಂಡು ಹಳೇ ಹೆಂಚು ಮಾರುವವರ ಹತ್ತಿರ ಹೋಗಿ, ಎರಡನ್ನ ಒಂದರ ಮೇಲೊಂದು ಕೂರಿಸಿ ನೋಡೇ ತರಬೇಕು.